ನಮ್ಮ ದೊಡ್ಡಪ್ಪನ ಸ್ಲ್ಯಾಬು

ಬಳ್ಳಾರಿಯ ಅರ್ಧ ರಸ್ತೆಗಳು ನಮ್ಮ ದೊಡ್ಡಪ್ಪನವು ಅಂದರೆ ನೀವು ನಂಬಲಿಕ್ಕಿಲ್ಲ. ಆದರೆ ಅವರು ಬ್ರೂಸ್‌ಪೇಟೆಯಲ್ಲಿ ನಡೆಯುವ ಗತ್ತು ನೋಡಿದರೆ ಯಾರಿಗಾದರೂ ಅನುಮಾನ ಬರಬೇಕು. ಎಲ್ಲಾದರೂ ಗುಂಡಿ ಕಂಡಿತೋ, ಅಲ್ಲೇ ನಿಂತು ಚಪ್ಪಲಿ ತುದಿಯಿಂದ ಜಲ್ಲಿ ಕೆದಕಿ, ಸ್ವಂತ ಮನೆಯ ಮಾಳಿಗೆ ಸೋರಿದವರ ಹಾಗೆ ಮುಖ ಮಾಡುತ್ತಿದ್ದರು. "ನೋಡವ್ವಾ, ನನ್ನ ಪಗಾರದಾಗ ಕಟ್ ಆದ ರೊಕ್ಕ ಹೆಂಗ ಹಾಳಾಗೈತಿ" ಅಂತ ನನಗೆ ತೋರಿಸುವರು. ಆಸ್ತಿ ಅಂತ ನೋಡಿದರೆ ಕೌಲ್ ಬಜಾರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಒಂದು ಸೈಕಲ್ಲು. ಮಕ್ಕಳೂ ಇಲ್ಲ. ಆದರೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಇನ್‌ಕಮ್ ಟ್ಯಾಕ್ಸ್ ಕಟ್ಟುವವರು. ನಮ್ಮ ಮನೆತನದಲ್ಲಿ ಆ ಮರ್ಯಾದೆ ಅವರೊಬ್ಬರಿಗೇ ಇತ್ತು.

ವರ್ಷಕ್ಕೊಮ್ಮೆ ಕಚೇರಿಯವರು ಟ್ಯಾಕ್ಸ್ ಮುರಿದುಕೊಂಡ ಸರ್ಟಿಫಿಕೇಟು ಕೊಟ್ಟ ದಿನ ಅದನ್ನು ದೇವರ ಜಗುಲಿ ಮೇಲಿಟ್ಟು ಕುಂಕುಮ ಹಚ್ಚುವರು. ದೊಡ್ಡಮ್ಮ ದೀಪಕ್ಕೆ ಎಣ್ಣೆ ಹಾಕುತ್ತಾ, "ಬಂದ ಲಕ್ಷ್ಮಿಗೆ ಪೂಜಿ ಮಾಡೋರ್ನ ಕಂಡೀನಿ, ಹೋದ ಲಕ್ಷ್ಮಿಗೆ ಪೂಜಿ ಮಾಡೋರು ನೀವೊಬ್ಬರ" ಅನ್ನುವಳು.

ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲಂತೂ ಇವರನ್ನು ಹಿಡಿಯುವವರೇ ಇರಲಿಲ್ಲ. ಒಮ್ಮೆ ಮೋಕಾ ಊರಿಗೆ ಹೋಗುವ ಬಸ್ಸಿನಲ್ಲಿ ಅಜ್ಜಿಯೊಬ್ಬಳು ಬದನೆಕಾಯಿ ಬುಟ್ಟಿಯನ್ನು ಸೀದಾ ಇವರ ಪಾದದ ಮೇಲಿಟ್ಟಳು. ಸುಮ್ಮನಿರಬಾರದೇ?

"ಅಜ್ಜಿ, ನಿನ್ನ ಟಿಕೀಟಿನ ರೊಕ್ಕ ನನ್ನ ಪಗಾರದಾಗ ಕಟ್ ಆಗೈತಿ, ಗೊತ್ತೈತೇನು?"

"ಹೌದೇನಪ್ಪಾ? ನಿನ್ನ ಹೊಟ್ಟಿ ತಣ್ಣಗಿರ್ಲಿ. ಹಂಗಾರ ಈ ಬುಟ್ಟೀದೂ ಕೊಟ್ಟುಬಿಡು. ಕಂಡಕ್ಟರು ಆಗಳೇ ಲಗೇಜು ಲಗೇಜು ಅಂತ ತಲಿ ತಿನ್ನಾಕ ಹತ್ಯಾನ."

ದೊಡ್ಡಪ್ಪ ಕೊಟ್ಟರು. ಇಳಿಯುವಾಗ ಬುಟ್ಟಿಯನ್ನೂ ಅವರೇ ಇಳಿಸಿದರು.

ಇನ್ನು ಹಿರಿಯರ ಹಬ್ಬದ ಕತೆ ಹೇಳಲೇಬೇಕು, ಅದು ಬಸ್ಸು ಪುಕ್ಕಟೆ ಆಗುವುದಕ್ಕಿಂತ ಎಷ್ಟೋ ವರ್ಷ ಹಿಂದಿನದು. ಅಣ್ಣತಮ್ಮಂದಿರು ನಾಲ್ವರು. ದೊಡ್ಡಪ್ಪನೇ ಹಿರಿಯರು, ಎರಡನೆಯವ ನಮ್ಮಪ್ಪ, ಆಮೇಲೆ ಸಿರುಗುಪ್ಪದ ಕಾಕಾ, ಕುರುಗೋಡಿನ ಕಾಕಾ. ಹಬ್ಬಕ್ಕೆ ಎಲ್ಲರೂ ಕುರುಗೋಡಿನಲ್ಲಿ ಸೇರಿ, ತೀರಿಹೋದವರ ಹೆಸರಿನಲ್ಲಿ ಹೊಸ ಸೀರೆ, ಧೋತರ ಇಟ್ಟು, ಹೋಳಿಗೆ ಎಡೆ ಹಿಡಿದು, ಆಮೇಲೆ ಪಂಕ್ತಿಯಲ್ಲಿ ಉಣ್ಣುವುದು. ಖರ್ಚು ಸಮನಾಗಿ ನಾಲ್ಕು ಪಾಲು. ಅಪ್ಪ ತೀರಿಕೊಂಡ ವರ್ಷ ಅವ್ವ ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿದು ನನ್ನನ್ನು ಸಾಲೆಗೆ ಕಳಿಸುತ್ತಿದ್ದಳು. ಪಾಲು ಎಲ್ಲಿಂದ ತರಬೇಕು? ಗಂಡನ ಮೊದಲ ಎಡೆಗೇ ತಾನು ಬರುವುದಿಲ್ಲ ಅಂತ ಹೇಳಿ ಕಳಿಸಿದಳು.

ಆಗ ದೊಡ್ಡಪ್ಪ ಕುರುಗೋಡಿನ ಮನೆಯಲ್ಲಿ ತಮ್ಮಂದಿರನ್ನು ಕೂರಿಸಿಕೊಂಡು ಬಜೆಟ್ ಮಂಡಿಸಿದರು.

"ಸಮ ಪಾಲು ಅನ್ನೋದ ಅನ್ಯಾಯ. ಸರಕಾರ ಹೆಂಗ ಮಾಡತೈತಿ ನಾವೂ ಹಂಗ ಮಾಡೂಣು. ಹೆಚ್ಚು ಗಳಿಸೋರು ಹೆಚ್ಚು, ಕಡಿಮಿ ಗಳಿಸೋರು ಕಡಿಮಿ, ಏನೂ ಇಲ್ಲದವ್ರಿಗೆ ಸೊನ್ನಿ. ಇದಕ್ಕ ಸ್ಲ್ಯಾಬು ಅಂತಾರ. ಹೇಳ್ರಿ, ಯಾರ ಗಳಿಕಿ ಎಷ್ಟು?"

ಓಣಿಯೊಳಗೆ ಹಿಡಿಸದ ಕಾರನ್ನು ತಿರುವಿನಲ್ಲೇ ಬಿಟ್ಟು ಬಂದಿದ್ದ ಸಿರುಗುಪ್ಪದ ಕಾಕಾ ಮೀಸೆಯಲ್ಲೇ ನಕ್ಕ. "ಅಣ್ಣಾ, ಭತ್ತದ ಗಳಿಕಿಗೆ ಸರಕಾರನ ಟ್ಯಾಕ್ಸ್ ಕೇಳಂಗಿಲ್ಲ, ನೀ ಕೇಳ್ತಿಯೇನು?"

"ರೈಸ್ ಮಿಲ್ಲು?"

"ಅದು ಲಾಸಿನಾಗ ಐತಿ."

"ತಿರುವಿನಾಗ ನಿಂತ ಕಾರು?"

"ಅದು ಲೋನಿನಾಗ ಐತಿ."

ಕುರುಗೋಡಿನ ಕಾಕಾನದು ಮೆಣಸಿನಕಾಯಿ ವ್ಯಾಪಾರ. ಅದೆಲ್ಲಾ ಹೆಂಡತಿ ಹೆಸರಿನಲ್ಲಿ ಐತಿ ಅಂದ. ಒಳಗಿನಿಂದ ಅವನ ಹೆಂಡತಿ, ನಮ್ಮ ಚಿಗವ್ವ, ಕೂಗಿದಳು, "ನನ್ನ ಹೆಸರಿಲೆ ಏನೇನೈತಿ ಅಂತ ನನಗ ಗೊತ್ತಿಲ್ಲ ಬಾವಾರ. ಗೊತ್ತಾದ ದಿನ ಮೊದ್ಲು ಬಂಗಾರದಂಗಡಿಗೆ ಹೋಗ್ತೀನಿ."

ಕಡೆಗೆ ಏನಾಯಿತು ಅಂತೀರಿ? ಕಾರಿನವರು ಕೆಳಗಿನ ಸ್ಲ್ಯಾಬಿಗೆ ಹೋದರು, ಸೈಕಲ್ಲಿನವರು ಮೇಲಿನ ಸ್ಲ್ಯಾಬಿಗೆ ಏರಿದರು. ಪಗಾರದವರು ಮುಚ್ಚಿಡುವುದಾದರೂ ಹೇಗೆ? ಬೆಲ್ಲ, ಬೇಳೆ, ತುಪ್ಪ, ಬಟ್ಟೆ, ಬಹುಪಾಲು ದೊಡ್ಡಪ್ಪನ ತಲೆಗೇ ಬಂತು. ಅಣ್ಣನಿಗೆ ಟ್ಯಾಕ್ಸಿನ ಹುಚ್ಚು ಅಂತ ಕಾಕಾಗಳು ವರ್ಷಗಟ್ಟಲೆ ನಕ್ಕರು. ಅವ್ವನದು ಸೊನ್ನೆ. ಅದು ದಾನ ಅಲ್ಲ, ಕಾನೂನು. ಹಾಗಾಗಿ ಅವ್ವ ಬಂದಳು, ಅಪ್ಪನ ಎಡೆಗೆ ಕೈಮುಗಿದಳು, ಎಲ್ಲರ ಜೊತೆ ಕೂತು ಉಂಡಳು.

ನಾನು ಓದಿ ಸಾಲೆ ಟೀಚರಾದೆ. ದೊಡ್ಡಪ್ಪ ರಿಟೈರಾದರು. ಅಷ್ಟರಲ್ಲಿ ದೊಡ್ಡಮ್ಮನ ಕಿಡ್ನಿ ಕೆಟ್ಟಿತು. ಕೂಡಿಟ್ಟದ್ದೆಲ್ಲಾ ಡಯಾಲಿಸಿಸ್‌ಗೆ ಹೋಯಿತು, ಪಿಂಚಣಿ ಅದರ ಸಾಲಕ್ಕೆ ಹೋಯಿತು, ಅವುಗಳ ಹಿಂದೆಯೇ ದೊಡ್ಡಮ್ಮನೂ ಹೋದಳು. ಆ ವರ್ಷವೇ ಸರ್ಕಾರ ಟ್ಯಾಕ್ಸಿನ ಮಿತಿಯನ್ನು ಎಷ್ಟೋ ಮೇಲಕ್ಕೇರಿಸಿತು. ಪಾರ್ಕಿನಲ್ಲಿ ಅವರ ಜೊತೆಯ ಪಿಂಚಣಿದಾರರೆಲ್ಲಾ ಪೇಢೆ ಹಂಚಿದರು. ಇವರು ಪೇಪರು ಮಡಚಿ ಹಿಡಿದುಕೊಂಡು ನಮ್ಮ ಮನೆಗೆ ಬಂದು, "ನನ್ನ ಹೆಸರು ಹೊಡದು ಹಾಕಿದ್ರವ್ವಾ" ಅಂದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಹಬ್ಬ ಹತ್ತಿರ ಬಂದಾಗ ಸಿರುಗುಪ್ಪದ ಕಾಕಾ ಫೋನು ಮಾಡಿದ. "ಅಣ್ಣಾ, ನಿನ್ನ ರೂಲ್ ಪ್ರಕಾರ ಈಗ ನಿಂದು ಸೊನ್ನಿ. ಎಲ್ಲಾ ನಾವು ನೋಡ್ಕೋತೀವಿ. ನೀ ಸುಮ್ಮನ ಉಣ್ಣಾಕ ಬಾ." ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡಪ್ಪ ಫೋನಿಟ್ಟವರೇ ಹಬ್ಬಕ್ಕೆ ಬರುವುದಿಲ್ಲ ಅಂದುಬಿಟ್ಟರು. ಈ ಸಲ ಇಡಬೇಕಾದದ್ದು ದೊಡ್ಡಮ್ಮನ ಮೊದಲ ಎಡೆ. ನಾನು ಅವರ ಮನೆಗೆ ಹೋಗಿ ಗೋಗರೆದೆ.

"ಆಕಿ ಎಡಿಗೆ ಒಂದು ಸೀರಿ ತರೋ ತಾಕತ್ತಿಲ್ಲದವ ಯಾವ ಮಾರಿ ಹೊತ್ಕೊಂಡು ಹೋಗ್ಲವ್ವಾ? ನೀವು ಹೋಗಿ ಬರ್ರಿ" ಅಂತ ಗೋಡೆಯ ಕಡೆ ತಿರುಗಿ ಮಲಗಿದರು. ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. ನನಗೆ ಸಂಕಟ ತಡೆಯಲಾಗದೆ ಅವ್ವನನ್ನು ಕರೆದುಕೊಂಡು ಬಂದೆ.

ನಮ್ಮ ಮನೆತನದಲ್ಲಿ ಗಂಡನ ಅಣ್ಣನ ಎದುರಿಗೆ ಹೆಣ್ಣುಮಕ್ಕಳು ನಿಂತು ಮಾತಾಡುವ ಪದ್ಧತಿ ಇಲ್ಲ. ತಮ್ಮಂದಿರ ಹೆಂಡರೊಳಗೆ ಚಿಗವ್ವನಂಥ ಗಟ್ಟಿ ಬಾಯಿಯವರು ಒಳಗಿಂದಲಾದರೂ ಕೂಗಿಯಾರು. ಅವ್ವ ಅದೂ ಇಲ್ಲ. ಬಾಗಿಲ ಮರೆಯಲ್ಲಿ ನಿಂತು, "ನಿಮ್ಮ ದೊಡ್ಡಪ್ಪಗ ಚಾ ಕುಡೀರಿ ಅನ್ನು" ಅಂತ ನನ್ನ ಕೈಲೇ ಹೇಳಿಸುವಳು. ಆ ದಿನ ಅವ್ವ ಸೆರಗು ಸರಿಮಾಡಿಕೊಂಡು ನೇರವಾಗಿ ಒಳಗೆ ಹೋಗಿ ಅವರ ಮಂಚದ ಮುಂದೆ ನಿಂತಳು. ದೊಡ್ಡಪ್ಪ ಗಾಬರಿಯಾಗಿ ಎದ್ದು ಕೂತರು.

"ಬಾವಾರ, ನಮ್ಮನಿಯವ್ರು ತೀರಿಕೊಂಡ ವರ್ಷ ನೀವು ಆ ರೂಲು ಯಾಕ ಮಾಡಿದ್ರಿ ಅನ್ನೋದು ನನಗ ತಿಳೀಲಿಲ್ಲ ಅಂದ್ಕೊಂಡೀರೇನ್ರಿ? ತಿಳಿದ ಉಂಡೀನ್ರಿ. ಇದು ನನ್ನ ಮನಿ ಊಟ, ನನ್ನ ಹಕ್ಕಿನ ಎಲಿ ಅಂತ ಉಂಡೀನಿ. ಕೊಡಲಾರದವ್ರು ಉಣ್ಣಬಾರದು ಅಂತ ಇವತ್ತು ನೀವು ಮನ್ಯಾಗ ಕುಂತ್ರ, ಇಷ್ಟು ವರ್ಷ ನಾ ಉಂಡದ್ದೆಲ್ಲಾ ಭಿಕ್ಷಾ ಆಗತೈತ್ರಿ."

ದೊಡ್ಡಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ದೊಡ್ಡಮ್ಮ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಅವ್ವ ಮರೆಗೆ ಹೋಗಲಿಲ್ಲ. ಆಮೇಲೆ ದೊಡ್ಡಪ್ಪ ಎದ್ದು ಮುಖ ತೊಳೆದು ಇಸ್ತ್ರಿ ಅಂಗಿ ಹಾಕಿಕೊಂಡರು.

ಮೂವರೂ ಬ್ರೂಸ್‌ಪೇಟೆಯ ಸೀರೆ ಅಂಗಡಿಗೆ ಹೋದೆವು. ದೊಡ್ಡಪ್ಪ ಒಂದೊಂದೇ ಸೀರೆಯನ್ನು ಬಿಡಿಸಿ, ಸೆರಗು ಮುಟ್ಟಿ ನೋಡಿ, ಕಡೆಗೆ ನೇರಳೆ ಬಣ್ಣದ ಇಳಕಲ್ ಸೀರೆಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಇದು ಆಕಿಗೆ ಒಪ್ಪತೈತಿ" ಅಂದರು. ನಾನು ಪರ್ಸು ತೆಗೆದೆ. ದೊಡ್ಡಪ್ಪ ನನ್ನ ಕೈ ತಡೆಯಲಿಲ್ಲ, ಬೇಡ ಅನ್ನಲಿಲ್ಲ.