ಹೊಸ ಕ್ಯಾಮೆರಾಕ್ಕೆ ಟಕ್ ಅನ್ನಲು ಬರುವುದಿಲ್ಲ

ಫೋಟೋಗ್ರಾಫರ್ ಅಂದರೆ ಎದುರಿಗೆ ಕೂತವರನ್ನು ನಗಿಸುವವನು ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಮಾತ್ರ ಎದುರಿಗೆ ಕೂತವರು ಗಂಭೀರವಾಗಿಯೇ ಇರುತ್ತಾರೆ, ಅವರು ಹೋದ ಮೇಲೆ ನಾನು ಒಬ್ಬನೇ ಕೂತು ನಗುತ್ತೇನೆ. ಕೆಲವು ಸಲ ನಗು ಮುಗಿದ ಮೇಲೂ ಏಳಲು ಮನಸ್ಸಾಗುವುದಿಲ್ಲ.

ಉಪ್ಪಳ ಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿ ನನ್ನದೊಂದು ಸಣ್ಣ ಸ್ಟುಡಿಯೋ ಉಂಟು. ಹೆದ್ದಾರಿ ಅಗಲವಾಗಿ, ಎತ್ತರವಾಗಿ, ಈಗ ಬಸ್ಸಿನಲ್ಲಿ ಹೋಗುವವರಿಗೆ ನನ್ನ ಬೋರ್ಡು ಮಾತ್ರ ಕಾಣುತ್ತದೆ. ಕಳೆದ ಮಳೆಗಾಲ ಮುಗಿದ ಮೇಲೆ ನಾನು ಹಳೆಯ ಕ್ಯಾಮೆರಾ ಕೊಟ್ಟು ಹೊಸದು ತಂದೆ. ಹಳೆಯದರ ಒಳಗೆ ಒಂದು ಪುಟ್ಟ ಕನ್ನಡಿ ಇತ್ತು. ಗುಂಡಿ ಒತ್ತಿದರೆ ಆ ಕನ್ನಡಿ ಮೇಲೆ ಹಾರಿ ಕೆಳಗೆ ಬೀಳುತ್ತಿತ್ತು, ಆಗ 'ಟಕ್' ಅಂತ ಒಂದು ಸದ್ದು. ಹೊಸದರಲ್ಲಿ ಕನ್ನಡಿಯೇ ಇಲ್ಲ. ಸದ್ದೂ ಇಲ್ಲ. ಬೆಕ್ಕು ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಾಗದೆ ಫೋಟೋ ತೆಗೆದು ಮುಗಿಸುತ್ತದೆ. ತೊಂದರೆ ಶುರುವಾದದ್ದೇ ಅಲ್ಲಿಂದ.

ಸೆಲ್ ಕಮ್ಮಿ

ಹೊಸ ಕ್ಯಾಮೆರಾದ ಮೊದಲ ಗಿರಾಕಿ ಹತ್ತಿರದ ಬಾಯಾರು ಊರಿನ ಒಬ್ಬರು ಅಜ್ಜಿ. ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಜರಿಯಂಚಿನ ಸೀರೆ, ತಲೆಗೆ ಅಬ್ಬಲಿಗೆ ಹೂವು.

"ಗೋಡೆಗೆ ಹಾಕುವ ಫೋಟೋ ಬೇಕು" ಅಂದರು. "ಅಜ್ಜನದ್ದು ಉಂಟು. ನೀವೇ ತೆಗ್ದದ್ದು. ಅದರ ಹತ್ತಿರ ನನ್ನದೂ ನೇತಾಡ್ಬೇಕು."

"ಅಯ್ಯೋ, ನಿಮಗೆ ಈಗಲೇ ಎಂತ ಅವಸರ ಅಜ್ಜಿ?"

"ನನಗೆ ಅವಸರ ಇಲ್ಲ ಮಗಾ. ಅಲ್ಲಿ ಅವರು ಒಬ್ಬರೇ ಇದ್ದಾರೆ."

ಸ್ಟೂಲಿನಲ್ಲಿ ಕೂತವರು ಎಡಕ್ಕೆ ತಿರುಗಿದರು. ನಾನು ನೇರ ನೋಡಲು ಹೇಳಿದರೆ ಒಪ್ಪಲಿಲ್ಲ. "ಅವರು ಫೋಟೋದಲ್ಲಿ ಬಲಕ್ಕೆ ನೋಡ್ತಾರೆ. ನಾನು ಎಡಕ್ಕೆ ನೋಡ್ಬೇಕು. ಇಲ್ಲದಿದ್ರೆ ಅವರು ನೋಡುದು ಯಾರನ್ನು?" ಸರಿ, ಅವರು ಹೇಳಿದ ಹಾಗೆಯೇ ತೆಗೆದೆ. ಚಂದ ಬಂತು. "ಆಯ್ತು ಅಜ್ಜಿ, ಏಳಬಹುದು" ಅಂದೆ. ಅವರು ಏಳಲಿಲ್ಲ.

"ಎಲ್ಲಿ ಆದದ್ದು? ಸದ್ದೇ ಬರ್ಲಿಲ್ಲ."

ಹೊಸ ಕ್ಯಾಮೆರಾಕ್ಕೆ ಸದ್ದಿಲ್ಲ ಅಂತ ವಿವರಿಸಿದೆ. ಫೋಟೋವನ್ನೇ ತೋರಿಸಿದೆ. ಮೊಮ್ಮಗಳೂ ಹೇಳಿದಳು. ಅಜ್ಜಿ ಎಡಕ್ಕೆ ನೋಡುತ್ತಾ ಕೂತೇ ಇದ್ದರು. "ಅವರಿಗೆ ತೆಗೆಯುವಾಗ ಸದ್ದು ಬಂದಿತ್ತು. ನಾನು ಇಲ್ಲೇ ಬಾಗಿಲಲ್ಲಿ ನಿಂತಿದ್ದೆ, ಕೇಳಿದ್ದೇನೆ."

ಬೇಕಿದ್ದರೆ ಸದ್ದು ಬರಿಸಬಹುದಂತೆ. ಆದರೆ ಅದು ಮೆನುವಿನ ಒಳಗಿನ ಮೆನುವಿನ ಒಳಗೆ ಎಲ್ಲೋ ಉಂಟು. ಅವತ್ತು ಹುಡುಕಿದರೂ ಸಿಗಲಿಲ್ಲ. ಕಡೆಗೆ ನಾನು ಕ್ಯಾಮೆರಾದ ಹಿಂದೆ ಮುಖ ಅಡಗಿಸಿ, ನಾಲಿಗೆಯನ್ನು ಅಂಗುಳಕ್ಕೆ ಹೊಡೆದು "ಟಕ್" ಅಂದೆ.

ಅಜ್ಜಿಯ ಮುಖ ಅರಳಿತು. ಸೆರಗು ಸರಿ ಮಾಡಿಕೊಂಡು ಎದ್ದರು. ಬಾಗಿಲಿನ ತನಕ ಹೋದವರು ತಿರುಗಿ ನಿಂತು ಹೇಳಿದರು: "ಈಗ ಬಂತು. ಆದ್ರೆ ಮೊದಲಿನಷ್ಟು ಗಟ್ಟಿ ಇಲ್ಲ. ಸೆಲ್ ಕಮ್ಮಿ ಆಗಿದೆ, ಬೇರೆ ಹಾಕಿ."

ದೃಷ್ಟಿ

ಹೊಸ ಕ್ಯಾಮೆರಾದ ದೊಡ್ಡ ಗುಣ ಅಂತ ಅಂಗಡಿಯವರು ಹೇಳಿದ್ದು ಒಂದನ್ನು. ಅದು ತಾನಾಗಿಯೇ ಮುಖ ಹುಡುಕುತ್ತದೆ, ಮುಖದಲ್ಲಿ ಕಣ್ಣು ಹುಡುಕುತ್ತದೆ, ಕಣ್ಣಿನ ಮೇಲೆ ಹಸಿರು ಚೌಕ ಇಡುತ್ತದೆ. ನಾವು ಒತ್ತಿದರಾಯಿತು.

ಬೋವಿಕಾನದ ಹತ್ತಿರ ಒಂದು ಮನೆ ಒಕ್ಕಲು. ಮನೆಯ ಯಜಮಾನರು ಬಹಳ ವರ್ಷ ಗಲ್ಫಿನಲ್ಲಿದ್ದು, ಇನ್ನು ಸಾಕು ಅಂತ ಊರಿಗೆ ಬಂದವರು. ಅಡಿಪಾಯದಿಂದ ಹಿಡಿದು ಮಾಡಿನ ತನಕ ಆ ಮನೆ ಎದ್ದದ್ದನ್ನು ಅವರು ನೋಡಿದ್ದು ಫೋನಿನಲ್ಲಿ ಬಂದ ಫೋಟೋಗಳಲ್ಲಿ ಮಾತ್ರ. ಬಂದ ಮೇಲೂ ಅವರಿಗೆ ನಂಬಿಕೆ ಬಂದ ಹಾಗಿರಲಿಲ್ಲ. ಊಟಕ್ಕೆ ಕರೆದರೆ ಬರಲಿಲ್ಲ, ಜಗಲಿಯ ಕಂಬವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. "ಫೋಟೋದಲ್ಲಿ ಕಂಬ ಇಷ್ಟು ತಣ್ಣಗೆ ಇರ್ಲಿಲ್ಲ" ಅಂದರು ನನ್ನ ಹತ್ತಿರ.

ಹೆಂಡತಿಯ ಜೊತೆ ಹೊಸ್ತಿಲಲ್ಲಿ ನಿಂತ ಒಂದು ಫೋಟೋ ಅವರಿಗೆ ಬೇಕಿತ್ತು. ಅಲ್ಲಿನ ರೂಮಿನಲ್ಲಿ ಮಲಗಿ ಎಷ್ಟೋ ಸಲ ಯೋಚಿಸಿದ ಫೋಟೋ ಅಂತೆ ಅದು. ನಿಲ್ಲಿಸಿದೆ. ಕ್ಯಾಮೆರಾ ಎತ್ತಿದೆ. ಹಸಿರು ಚೌಕ ಯಜಮಾನರನ್ನೂ ಬಿಟ್ಟು, ಹೆಂಡತಿಯನ್ನೂ ಬಿಟ್ಟು, ಸೀದಾ ಬಾಗಿಲಿನ ಮೇಲಕ್ಕೆ ಹೋಗಿ ಕೂತಿತು. ಅಲ್ಲಿ ತೂಗುಹಾಕಿದ್ದರು ದೃಷ್ಟಿಬೊಂಬೆ. ತಟ್ಟೆಯಷ್ಟು ದೊಡ್ಡ ಕಣ್ಣು, ಮೊಳದುದ್ದ ನಾಲಿಗೆ.

ನಾನು ಆಚೆ ಸರಿದೆ, ಈಚೆ ಸರಿದೆ, ಕೂತೆ, ಎದ್ದೆ. ಚೌಕ ಬೊಂಬೆಯ ಕಣ್ಣು ಬಿಟ್ಟು ಕದಲಲಿಲ್ಲ. ತೆಗೆದ ಫೋಟೋದಲ್ಲಿ ಗಂಡ ಹೆಂಡತಿ ಮಂಜಿನಲ್ಲಿ ನಿಂತವರ ಹಾಗೆ, ಬೊಂಬೆಯ ನಾಲಿಗೆ ಮಾತ್ರ ಸ್ಪಷ್ಟ.

ಕಡೆಗೆ ಸಂಕೋಚದಿಂದ ಹೇಳಿದೆ: "ಯಜಮಾನ್ರೇ, ಒಂದು ನಿಮಿಷ ಆ ಬೊಂಬೆ ತೆಗೆಯಬಹುದಾ? ಕ್ಯಾಮೆರಾದ ಕಣ್ಣು ಅದರ ಮೇಲೆಯೇ ಹೋಗ್ತದೆ."

ಅವರು ಬೇಸರಿಸುತ್ತಾರೆ ಅಂತ ಭಾವಿಸಿದ್ದೆ. ಬದಲಿಗೆ ಹೆಂಡತಿಯ ಕಡೆಗೆ ತಿರುಗಿ ಹೆಮ್ಮೆಯಿಂದ ಹೇಳಿದರು: "ನೋಡಿದೆಯಾ? ಬೊಂಬೆ ಸುಮ್ಮನೆ ಅಂತ ಹೇಳಿದ್ದೆಯಲ್ಲ. ಮೊದಲ ದಿನವೇ ಕೆಲಸ ಶುರು ಮಾಡಿದೆ!"

ಅಮ್ಮನ ಫೋಟೋ

ಹೊಸದರ ಇನ್ನೊಂದು ಗುಣ, ಅದು ಏನನ್ನೂ ಬಿಡುವುದಿಲ್ಲ. ಹಳೆಯದಕ್ಕೆ ಸ್ವಲ್ಪ ದಾಕ್ಷಿಣ್ಯ ಇತ್ತು. ಮುಖದ ಗೆರೆಗಳಲ್ಲಿ ಕೆಲವನ್ನು ಕಂಡೂ ಕಾಣದ ಹಾಗೆ ಇರುತ್ತಿತ್ತು.

ಹತ್ತಿರದ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದ ಟೀಚರೊಬ್ಬರು ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಬಂದರು. ಮಸ್ಕತ್ತಿನಲ್ಲಿರುವ ಮಗಳ ಬಾಣಂತನಕ್ಕೆ ಹೋಗಬೇಕಿತ್ತು. ತೆಗೆದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಟೀಚರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

"ಇದು ಯಾರು?"

"ನೀವೇ ಟೀಚರೇ."

"ನಾನಾ? ಇದು ನಮ್ಮ ಅಮ್ಮ!"

ಬೈಗುಳ ಬಂತು ಅಂತ ನಾನು ತಲೆ ತಗ್ಗಿಸಿದೆ. ಆದರೆ ಅವರು ಕುರ್ಚಿ ಎಳೆದು ಪರದೆಯ ಹತ್ತಿರ ಕೂತರು. ಪರದೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದರು: "ಹುಬ್ಬಿನ ನಡುವೆ ಅದೇ ಗೆರೆ. ಬಾಯಿಯ ಹತ್ತಿರವೂ ಅದೇ. ನಮ್ಮಲ್ಲಿ ಅಮ್ಮನ ಒಂದು ಫೋಟೋ ಕೂಡ ಇಲ್ಲ. ಅವರ ಕಾಲದಲ್ಲಿ ಯಾರು ತೆಗೆಸ್ತಿದ್ರು? ಮುಖ ಮರೆತೇ ಹೋಗಿತ್ತು ನನಗೆ."

ನಾನು ಫ್ಯಾನಿನ ವೇಗ ಹೆಚ್ಚಿಸಿದೆ.

"ಇದನ್ನು ದೊಡ್ಡದು ಮಾಡಿ ಫ್ರೇಮು ಹಾಕಿ ಕೊಡಿ" ಅಂದರು ಟೀಚರು, ಕಣ್ಣು ಒರಸಿಕೊಂಡು. "ಒಂದು ಗೆರೆಯನ್ನೂ ಮುಟ್ಟಬೇಡಿ."

"ಆಗಲಿ. ಪಾಸ್‌ಪೋರ್ಟಿಗೂ ಇದನ್ನೇ ಕೊಡ್ಲಾ?"

"ಅದಕ್ಕೆ ಮುಖ ಸ್ವಲ್ಪ ನುಣ್ಣಗೆ ಮಾಡಿ" ಅಂದರು ಕನ್ನಡಕ ಪೆಟ್ಟಿಗೆಗೆ ಹಾಕುತ್ತಾ. "ಪಾಸ್‌ಪೋರ್ಟು ಅಮ್ಮನದ್ದಲ್ಲ, ನನ್ನದು."

ಭಾನುವಾರದ ಡಾಕ್ಟರು

ಹಳೆಯ ಕ್ಯಾಮೆರಾವನ್ನು ನಾನು ಮಂಗಳೂರಿನ ಒಂದು ಅಂಗಡಿಗೆ ಕೊಟ್ಟು ಬಂದಿದ್ದೆ. ಕೊಡುವಾಗ ಏನೂ ಅನಿಸಲಿಲ್ಲ. ಮನೆಗೆ ಬಂದ ಮೇಲೆ ಹೆಗಲು ಹಗುರವಾದದ್ದು ಗೊತ್ತಾಯಿತು. ಹೊಸದು ಎಷ್ಟು ಹಗುರ ಅಂದರೆ, ಮದುವೆಮನೆಯಲ್ಲಿ ಅದನ್ನು ಮರೆತು ಬಂದೆನೋ ಅಂತ ಮತ್ತೆ ಮತ್ತೆ ಕುತ್ತಿಗೆ ಮುಟ್ಟಿಕೊಳ್ಳುತ್ತಿದ್ದೆ. ಊಟದ ಹೊತ್ತಿಗೂ ನನ್ನ ತೋರುಬೆರಳು ಗುಂಡಿ ಹುಡುಕುತ್ತಿತ್ತು. ಮನೆಯವಳು ನೋಡಿ ನೋಡಿ ಹೇಳಿದಳು: "ನಾನು ತವರಿಗೆ ಹೋದಾಗ ನೀವು ಇದರ ಅರ್ಧ ಬೇಜಾರು ಮಾಡಿದ್ರೂ ನಾನು ಎರಡು ದಿನ ಮೊದಲೇ ಬರ್ತಿದ್ದೆ."

ಒಂದು ದಿನ ಬ್ಯಾಟರಿ ಬೇಕು ಅಂತ ನೆಪ ಮಾಡಿ ಮಂಗಳೂರಿಗೆ ಹೋದೆ. ಅದು ಗಾಜಿನ ಕಪಾಟಿನಲ್ಲಿ ಕೂತಿತ್ತು. ಉಜ್ಜಿ ಒರಸಿ, ಹೊಸ ಪಟ್ಟಿ ಹಾಕಿದ್ದರು, ಮದುಮಗಳ ಹಾಗೆ. ಹೊಸದಾಗಿ ಸೇರಿದ ಸೇಲ್ಸಿನವನಿಗೆ ನನ್ನ ಗುರುತಿರಲಿಲ್ಲ. "ಅದನ್ನು ಒಮ್ಮೆ ತೋರಿಸಿ" ಅಂದೆ.

ಕೈಗೆ ಬಂತು. ಬಲಬದಿಯ ರಬ್ಬರು ಸವೆದ ಜಾಗದಲ್ಲಿ ನನ್ನ ಹೆಬ್ಬೆರಳು ತಾನಾಗಿ ಹೋಗಿ ಕೂತಿತು. ಒತ್ತಿದೆ. ಟಕ್. ಇನ್ನೊಮ್ಮೆ ಒತ್ತಿದೆ. ಆ ಸದ್ದಿನಲ್ಲಿ ಎಷ್ಟು ಮದುವೆ, ಎಷ್ಟು ಸೀಮಂತ, ಎಷ್ಟು ತೊಟ್ಟಿಲು! ಮುಂಡಿತ್ತಾಯ ದೈವದ ನೇಮದಲ್ಲಿ ಅದು ಮಳೆಗೆ ನೆನೆದದ್ದು, ಒಂದು ಮದುವೆಯಲ್ಲಿ ಸಾರಿನ ಕೊಪ್ಪರಿಗೆಯ ಅಂಚಿಗೆ ಬಿದ್ದದ್ದು, ಎಲ್ಲ ನೆನಪಾಗಿ ಮತ್ತೂ ಒಮ್ಮೆ ಒತ್ತಿದೆ.

ಸೇಲ್ಸಿನವನಿಗೆ ಗಿರಾಕಿ ಸಿಕ್ಕಿಬಿದ್ದ ಅಂತ ಕಂಡಿರಬೇಕು. ಹತ್ತಿರ ಬಂದು ಗುಟ್ಟು ಹೇಳುವವನ ಹಾಗೆ ಹೇಳಿದ: "ಕಣ್ಣು ಮುಚ್ಚಿ ತಗೊಳ್ಳಿ ಸರ್. ಒಬ್ಬ ಡಾಕ್ಟರದ್ದು. ಭಾನುವಾರ ಮಾತ್ರ ಹೊರಗೆ ತೆಗೀತಿದ್ದದ್ದು. ಅದೂ ಎಸಿ ರೂಮಿನಲ್ಲಿ, ಹೂವಿನ ಫೋಟೋಕ್ಕೆ."

ನಾನು ಮೆಲ್ಲಗೆ ಅದನ್ನು ವಾಪಸು ಇಟ್ಟೆ. ಇಷ್ಟು ಒಳ್ಳೆಯ ಮನೆತನದ್ದು ಅಂತ ಗೊತ್ತಿದ್ದರೆ ನಾನು ಅದನ್ನು ಸಾರಿನ ಕೊಪ್ಪರಿಗೆಯ ಮೇಲೆ ಬೀಳಿಸುತ್ತಿರಲಿಲ್ಲ.

ಅಲುಗಾಡಬೇಡ

ನಮ್ಮ ಬೀದಿಯಲ್ಲೇ ಒಂದು ಮನೆ. ಅತ್ತೆ, ಸೊಸೆ, ಒಂದು ಮಗು. ಮಗುವಿನ ಅಪ್ಪ ಅಬುಧಾಬಿಯಲ್ಲಿ. ಹೆಂಡತಿ ಬಸುರಿ ಇರುವಾಗ ಹೋದವನು, ಮಗುವನ್ನು ಇನ್ನೂ ಎತ್ತಿಕೊಂಡದ್ದಿಲ್ಲ. ಮಗು ಯಾರ ಕೈಯಲ್ಲಿ ಫೋನು ಕಂಡರೂ "ಪಪ್ಪ" ಅನ್ನುತ್ತಿತ್ತು. ನನ್ನ ಫೋನಿಗೂ ಒಂದು ಮುತ್ತು ಸಿಕ್ಕಿದೆ.

ಮೊದಲ ಹುಟ್ಟುಹಬ್ಬಕ್ಕೆ ಅವನಿಗೆ ರಜೆ ಸಿಗಲಿಲ್ಲ. ಮನೆಯವರೆಲ್ಲ ಒಟ್ಟಿಗೆ ಇರುವ ಫೋಟೋ ಬೇಕೇ ಬೇಕು ಅಂತ ಅವನ ಹಟ. ಸರಿ, ವೀಡಿಯೋ ಕಾಲ್ ಮಾಡಿ, ಫೋನನ್ನು ನನ್ನ ಲೈಟಿನ ಸ್ಟ್ಯಾಂಡಿಗೆ ಕಟ್ಟಿ, ಸೊಸೆಯ ಪಕ್ಕದಲ್ಲಿ ನಿಲ್ಲಿಸಿದೆವು.

"ಇನ್ನೂ ಸ್ವಲ್ಪ ಮೇಲೆ ಮಾಡಿ, ನನ್ನ ಮಗ ಉದ್ದ" ಅಂದರು ಅತ್ತೆ.

"ಬೇಡ ಅತ್ತೆ, ಇದೇ ಸರಿ. ನನ್ನ ಹಣೆ ಅವರ ಗಲ್ಲಕ್ಕೆ ಬರ್ತದೆ" ಅಂದಳು ಸೊಸೆ. ಹೇಳಿದ ಮೇಲೆ ತಾನು ಹೇಳಿದ್ದು ಏನಂತ ಗೊತ್ತಾಗಿ ಕೆಂಪಾದಳು.

ಅವನು ಹೊಸ ಅಂಗಿ ಹಾಕಿ ರೂಮಿನ ಗೋಡೆಗೆ ಒರಗಿ ನಿಂತಿದ್ದ. ಕಷ್ಟ ಏನೆಂದರೆ, ನಾನು "ನಗಿ" ಅಂದಾಗ ಇಲ್ಲಿಯವರು ಕೂಡಲೇ ನಗುತ್ತಿದ್ದರು. ಅಬುಧಾಬಿಗೆ ನನ್ನ ಮಾತು ಮುಟ್ಟಿ ಅವನು ನಗುವಾಗ ಇಲ್ಲಿಯವರ ನಗು ಮುಗಿದಿರುತ್ತಿತ್ತು. ಆದ್ದರಿಂದ ಅವನಿಗೆ ಬೇರೆಯೇ ಆಜ್ಞೆ ಕೊಟ್ಟೆ: "ನೋಡು ಮಾರಾಯ, ನೀನು ಮೊದಲೇ ನಗಲು ಶುರು ಮಾಡು. ನಾನು ಸಾಕು ಅನ್ನುವ ತನಕ ಬಾಯಿ ಮುಚ್ಚಬೇಡ, ಅಲುಗಾಡಬೇಡ."

ಅವನು ಹಲ್ಲು ಬಿಟ್ಟು ನಿಂತ. ಅಷ್ಟರಲ್ಲಿ ಮಗು ಅತ್ತಿತು. ಅದನ್ನು ಸಮಾಧಾನ ಮಾಡುವ ಗಡಿಬಿಡಿಯಲ್ಲಿ ಅವನ ನೆನಪು ನಮಗೆ ಯಾರಿಗೂ ಇಲ್ಲ. ಮಗು ಸುಮ್ಮನಾದ ಮೇಲೆ ಅತ್ತೆ ಫೋನಿನ ಕಡೆ ನೋಡಿದರು. ಅವನು ಹಾಗೆಯೇ ನಗುತ್ತಿದ್ದ, ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ.

"ನೆಟ್ ಹೋಯ್ತು. ಕಲ್ಲಾದ" ಅಂದರು. "ಆ ಹೊಟ್ಟೆ ನೋಡು. ಊಟ ಸರಿ ಇಲ್ಲ ಅಂತ ದಿನಾ ಫೋನಿನಲ್ಲಿ ಹೇಳ್ತಾನೆ. ಇದು ಗಾಳಿ ತಿಂದು ಬಂದದ್ದಾ?"

"ಬೈಬೇಡಿ ಅತ್ತೆ" ಅಂದಳು ಸೊಸೆ. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಫೋನಿನ ಹತ್ತಿರ ಹೋಗಿ, ಪರದೆಯ ಮೇಲಿನ ಧೂಳನ್ನು ಸೆರಗಿನಿಂದ ಒರಸಿದಳು. "ನೆಟ್ ಹೋದಾಗಲೇ ನನಗೆ ಇವರನ್ನು ಸರಿಯಾಗಿ ನೋಡ್ಲಿಕ್ಕೆ ಸಿಗುವುದು. ಇಲ್ಲದಿದ್ರೆ ಮಗುವನ್ನು ತೋರಿಸು, ಮಗುವನ್ನು ತೋರಿಸು ಅಂತ ಒಂದೇ ವರಾತ. ನನ್ನನ್ನು ಯಾರು ನೋಡ್ತಾರೆ? ಬರ್ಲಿ ಒಮ್ಮೆ. ಪಾಸ್‌ಪೋರ್ಟು ಕಪಾಟಿನಲ್ಲಿಟ್ಟು ಬೀಗ ಹಾಕ್ತೇನೆ. ಮತ್ತೆ ಹೇಗೆ ಹೋಗ್ತಾರೆ ನೋಡ್ತೇನೆ."

ನಾನು ಅಲ್ಲಿ ನಿಲ್ಲುವುದೋ ಹೊರಗೆ ಹೋಗುವುದೋ ತಿಳಿಯದೆ ಲೆನ್ಸ್ ಒರಸುತ್ತಾ ನಿಂತೆ. ಆಗ ಫೋನಿನಿಂದ, ತುಟಿ ಅಲುಗಾಡದೆ, ಹಲ್ಲುಗಳ ಎಡೆಯಿಂದ ಒಂದು ಸ್ವರ ಬಂತು:

"ಅಣ್ಣ, ಸಾಕು ಅನ್ನಿ ಮಾರಾಯ್ರೆ. ಗಲ್ಲ ನೋಯ್ತದೆ. ಕಣ್ಣೂ ಒರಸ್ಬೇಕು ನನಗೆ."

ಸೊಸೆ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಅಡುಗೆಮನೆಗೆ ಓಡಿದಳು. ಅತ್ತೆ ಮಾತ್ರ ಜಗ್ಗಲಿಲ್ಲ. "ಎಲ್ಲ ಕೇಳಿದೆಯಾ? ಹೊಟ್ಟೆಯದ್ದೂ?"

"ಕೇಳಿದ ಕೂಡಲೇ ಒಳಗೆ ಎಳ್ಕೊಂಡಿದ್ದೇನೆ ಅಮ್ಮ. ಅದೂ ನೋಯ್ತದೆ."

ಅಡುಗೆಮನೆಯ ಬಾಗಿಲ ಸಂದಿನಿಂದ ಸೊಸೆಯ ಸ್ವರ: "ಬೀಗದ್ದು ಕೇಳಿತಾ ಅಂತ ಕೇಳಿ ಅತ್ತೆ."

ಅವನು ಕಣ್ಣು ಒರಸಿಕೊಂಡ. ಈ ಸಲದ ನಗುವಿಗೆ ನಾನು ಹೇಳಬೇಕಾಗಲಿಲ್ಲ.

"ಕೇಳಿತು ಅಂತ ಹೇಳಿ ಅಮ್ಮ. ಬೀಗ ಅಲ್ಲಿ ತಗೊಳ್ಳುದು ಬೇಡ. ಇಲ್ಲಿ ಗಟ್ಟಿಯದ್ದು ಸಿಗ್ತದೆ, ಬರುವಾಗ ನಾನೇ ತರ್ತೇನೆ."