ಕುಯ್ಲು ಮುಗಿಯಲಿ ಎಂದು ಕಾಯದ ಮೂಳೆ

ಸಾವು ಎಂದರೆ ಇಡೀ ಮೈಗೆ ಒಟ್ಟಿಗೇ ಬರುವುದು ಎಂದು ನಾನು ತಿಳಿದಿದ್ದೆ. ಹಾಗೇನೂ ಇಲ್ಲವಂತೆ. ಮೈಯಲ್ಲಿ ಒಂದು ತುಂಡು ಮೊದಲೇ ಸತ್ತು, ಉಳಿದದ್ದು ಅದನ್ನು ಹೊತ್ತುಕೊಂಡು ರೊಟ್ಟಿ ತಟ್ಟುತ್ತಾ ಓಡಾಡಿಕೊಂಡಿರಬಹುದಂತೆ. ನನ್ನ ಬಲಗಡೆ ತೊಡೆಮೂಳೆಯ ತಲೆ, ಅಂದರೆ ಸೊಂಟದ ಗುಳಿಯೊಳಗೆ ತಿರುಗುವ ಚೆಂಡು, ಹಾಗೆ ನನಗಿಂತ ಮುಂಚೆ ಸತ್ತುಹೋಯಿತು. ಅದಕ್ಕೆ ಸೂತಕ ಹಿಡಿಯಲಿಲ್ಲ, ತಿಥಿ ಮಾಡಲಿಲ್ಲ. ವಿಚಾರಿಸಲು ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟವಳೂ ನಾನೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮುದುಕಿ ಇಷ್ಟೊಂದು ವೈದ್ಯದ ಮಾತಾಡುತ್ತಾಳಲ್ಲ ಎನ್ನಬೇಡಿ. ವರ್ಷಗಟ್ಟಲೆ ಒಂದೇ ಪಾಠ ಕೇಳಿಸಿದರೆ ಎಮ್ಮೆಗೂ ಬಾಯಿಪಾಠವಾಗುತ್ತದೆ.

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನಗೆ ಐವತ್ತೈದು ಇರಬಹುದು. ಹೆಣ್ಣು ಹುಟ್ಟಿದ ದಿನವನ್ನು ನಮ್ಮ ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ನೋವು ಮೊದಲು ಬಂದದ್ದು ಮೊಣಕಾಲಿಗೆ. ಕೆಟ್ಟಿರುವುದು ಸೊಂಟದಲ್ಲಾದರೂ ಅದು ಮೊಣಕಾಲಿನ ಹೆಸರು ಹೇಳಿಕೊಂಡು ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಮಲ್ಲಂದೂರಿನಿಂದ ನಾದಿನಿ ಒಂದು ಎಣ್ಣೆ ತಂದಳು. ಅವಳ ಯಜಮಾನರಿಗೆ ಅದರಲ್ಲೇ ವಾಸಿಯಾಗಿತ್ತಂತೆ. ಅವರಿಗೆ ಆಗಿದ್ದು ಭುಜನೋವು ಎಂದು ಆಮೇಲೆ ತಿಳಿಯಿತು. ಆರೇಳು ತಿಂಗಳು ತಿಕ್ಕಿ ತಿಕ್ಕಿ ನನ್ನ ಮೊಣಕಾಲು ಪಾಲಿಷ್ ಹಾಕಿದ ಬೀಟೆ ಕುರ್ಚಿಯ ಹಾಗೆ ಹೊಳೆಯಿತು. ನೋವು ಮಾತ್ರ ಮೆಲ್ಲಗೆ ಮೇಲೆ ಹತ್ತಿ ತೊಡೆಸಂದಿಗೆ ಬಂದು ಕುಳಿತಿತು. ಅದನ್ನು ಯಾರಿಗೆ ತೋರಿಸುವುದು? ಕೊನೆಗೆ ಚಿಕ್ಕಮಗಳೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದರೆ ಏನೂ ಇಲ್ಲ ಎಂದು ಬಂತು. ನಮ್ಮ ಯಜಮಾನರು ಅದನ್ನು ಬಿಸಿಲಿಗೆ ಹಿಡಿದು, ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಬೀಜದ ಸ್ಯಾಂಪಲ್ ನೋಡುವ ಗತ್ತಿನಲ್ಲಿ, ಕ್ಲೀನಾಗಿದೆ ಎಂದು ತೀರ್ಪು ಕೊಟ್ಟರು. ಅಂದಿನಿಂದ ನನ್ನ ಕುಂಟು ಮನೆಯಲ್ಲಿ ನಾಟಕವಾಯಿತು.

ನನ್ನನ್ನು ನಂಬಿದವಳು ಸೊಸೆ ಸುಮಿತ್ರ. ನನಗೂ ಅವಳಿಗೂ ಅಂಥ ಪ್ರೀತಿಯೇನಿಲ್ಲ. ಒಂದೇ ಒಲೆಯ ಮುಂದೆ ಹದಿನೈದು ವರ್ಷ ನಿಂತವರ ನಡುವೆ ಎಷ್ಟಿರುತ್ತದೋ ಅಷ್ಟೇ. ಆದರೆ ಅವಳ ಕಣ್ಣು ಚುರುಕು. ಒಂದು ದಿನ ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಹೇಳಿದಳು: “ಅತ್ತೆ, ಯಾರೂ ನೋಡ್ದೆ ಇದ್ದಾಗ್ಲೂ ನೀವು ಕುಂಟ್ತೀರಿ. ಇದು ಸುಳ್ಳಲ್ಲ. ಇನ್ನೊಂದ್ಸಲ ತೋರಿಸೋಣ.” ನನಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಹಾಗೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದೆವು. ಅಲ್ಲಿ ನನ್ನನ್ನು ಒಂದು ಕೊಳವೆಯೊಳಗೆ ಮಲಗಿಸಿ, ಹೊರಗಿನಿಂದ ಡಬ್ಬ ಬಡಿದ ಹಾಗೆ ಸದ್ದು ಮಾಡಿ, ಫೋಟೋ ತೆಗೆದರು. ಡಾಕ್ಟರು ನೋಡಿ, ಮೂಳೆಯ ತಲೆಗೆ ರಕ್ತ ಹೋಗುವುದು ನಿಂತಿದೆ, ಅದು ಒಳಗಿಂದೊಳಗೆ ಸಾಯುತ್ತಿದೆ, ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂದರು. ಆಮೇಲೆ ಕೇಳಿದರು: “ಅಮ್ಮ, ಏನಾದ್ರೂ ಚಟ ಉಂಟಾ? ಕುಡಿಯುವುದು ಗಿಡಿಯುವುದು?” ಕುಡಿತದಿಂದಲೂ ಕೆಲವು ಔಷಧಿಗಳಿಂದಲೂ ಹೀಗಾಗುತ್ತದಂತೆ, ಅದಕ್ಕೆ ಎಲ್ಲರನ್ನೂ ಕೇಳುತ್ತಾರಂತೆ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಗೆ ಆ ಬುದ್ಧಿ ಇಲ್ಲ. ಕುಡಿದಿದ್ದೇನೆ ಎಂದೆ. ನಾಲ್ಕು ಬಾಣಂತನದಲ್ಲೂ, ಥಂಡಿ ಹಿಡಿಯಬಾರದೆಂದು, ಅತ್ತೆಯೇ ಸಂಜೆ ಹೊತ್ತು ಒಂದು ಸಣ್ಣ ಲೋಟ ಬ್ರಾಂದಿ ಕೊಡುತ್ತಿದ್ದರು. ನಮ್ಮ ಕಡೆ ಇದು ಬಾಣಂತಿಯ ಪಥ್ಯ, ಮೆಣಸಿನ ಸಾರಿನ ಜೊತೆಗೆ ಲೆಕ್ಕ. ಡಾಕ್ಟರು ನಕ್ಕು, ಅದರಿಂದಲ್ಲ, ಎಷ್ಟೋ ಜನಕ್ಕೆ ಕಾರಣವೇ ಸಿಗುವುದಿಲ್ಲ ಎಂದರು. ಪಕ್ಕದಲ್ಲಿ ಕುಳಿತ ಯಜಮಾನರು ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಕೇಳಿಸಿಕೊಂಡರು. ಡಾಕ್ಟರು ಆಮೇಲೆ ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ.

ಆ ಮನುಷ್ಯ ನನ್ನನ್ನು ಮದುವೆಯಾದಂದಿನಿಂದ ಒಂದು ಸಂಜೆಯೂ ಲೋಟ ಬಿಟ್ಟವರಲ್ಲ. ಅವರ ಸೊಂಟಕ್ಕೆ ಇವತ್ತಿಗೂ ಏನೂ ಆಗಿಲ್ಲ. ತೋಟದ ತುದಿಯವರೆಗೆ ಮೇಕೆಯ ಹಾಗೆ ಹತ್ತುತ್ತಾರೆ. ಅಂಥವರು ಕೈಯಲ್ಲಿ ಲೋಟ ಹಿಡಿದುಕೊಂಡೇ ಬಂದ ನೆಂಟರಿಗೆಲ್ಲ ಕುಡಿತದ ಕೇಡನ್ನು ವಿವರಿಸತೊಡಗಿದರು. “ಬ್ರಾಂದಿ ಮೂಳೆಗೆ ಒಳ್ಳೇದಲ್ಲ ಮಾರಾಯ. ನಮ್ಮನೆಯವಳನ್ನೇ ನೋಡು,” ಎನ್ನುವುದು, ಒಂದು ಗುಟುಕು ಕುಡಿಯುವುದು.

ಇರಲಿ, ಹೆಸರು ಹೋದರೆ ಹೋಗಲಿ. ವಿಷಯ ಅದಲ್ಲ. ಆವತ್ತು ಡಾಕ್ಟರು ಹೇಳಿದ ಮುಖ್ಯ ಮಾತು ಬೇರೆ ಇತ್ತು. ಈಗ ಚೆಂಡು ದುಂಡಗೇ ಇದೆ, ಈಗಲೇ ಮೂಳೆಗೊಂದು ತೂತು ಕೊರೆದರೆ ರಕ್ತ ಹರಿದು ಉಳಿದರೂ ಉಳಿದೀತು. ಕುಸಿದ ಮೇಲೆ ಬಂದರೆ ಅದನ್ನು ತೆಗೆದು ಲೋಹದ್ದು ಹಾಕುವುದೊಂದೇ ದಾರಿ ಎಂದರು. ಎಷ್ಟು ದಿನ ತಡೆಯುತ್ತದೆ ಎಂದು ಕೇಳಿದೆ. “ಹೇಳ್ಲಿಕ್ಕಾಗುವುದಿಲ್ಲ ಅಮ್ಮ. ಆರು ತಿಂಗಳೂ ಆಗಬಹುದು, ಎರಡು ವರ್ಷವೂ ಆಗಬಹುದು.” ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಮಾತು ಕೇಳಿದ ಗಂಡಹೆಂಡಿರಲ್ಲಿ ನನ್ನ ಕಿವಿಗೆ ಆರು ತಿಂಗಳು ಬಿತ್ತು, ಅವರ ಕಿವಿಗೆ ಎರಡು ವರ್ಷ ಬಿತ್ತು. ಘಾಟಿ ಹತ್ತಿ ಮನೆ ಮುಟ್ಟುವುದರೊಳಗೆ ಅವರದ್ದೇ ಖಾಯಂ ಆಯಿತು. ಅರೇಬಿಕಾ ಹಣ್ಣಾಗಿತ್ತು. ತೂತು ಕೊರೆಸಿಕೊಂಡರೆ ವಾರಗಟ್ಟಲೆ ಕಾಲೂರಬಾರದು, ಹೊತ್ತುಹೊತ್ತಿಗೆ ಅಡುಗೆ ನೋಡುವವರು ಯಾರು? ಕುಯ್ಲು ಮುಗೀಲಿ ಎಂದರು.

ಕಾಫಿ ತೋಟದಲ್ಲಿ ಬದುಕಿದವರಿಗೆ ಗೊತ್ತು, ಅಲ್ಲಿ ಯಾವುದೂ ಮುಗಿಯುವುದಿಲ್ಲ. ಅರೇಬಿಕಾ ಮುಗಿದರೆ ರೊಬಸ್ಟಾ. ಅದು ಮುಗಿದರೆ ಹೂಮಳೆಗೆ ಕಾಯಬೇಕು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಆಮೇಲೆ ನೆರಳಿನ ಮರ ಸವರುವುದು, ಗೊಬ್ಬರ, ಮಳೆಗೆ ಮುಂಚೆ ಔಷಧಿ ಹೊಡೆಸುವುದು. ಆ ನಡುವೆ ಪಂಪ್‌ಸೆಟ್ಟು ಕೆಟ್ಟಿತು. ಬೆಳಿಗ್ಗೆ ಕೆಟ್ಟದ್ದನ್ನು ಮಧ್ಯಾಹ್ನದೊಳಗೆ ಜೀಪಿಗೆ ಹಾಕಿಕೊಂಡು ಮೂಡಿಗೆರೆಗೆ ಹೋದರು. ಹೂವಿಗೆ ನೀರು ತಪ್ಪಬಾರದಲ್ಲ. ನನ್ನ ಮೂಳೆಗೆ ರಕ್ತ ತಪ್ಪಿದೆ ಎಂದು ತಿಳಿದೇ ಐದು ತಿಂಗಳಾಗಿತ್ತು. ಒಮ್ಮೆ ಹೊರನಾಡಿಗೂ ಕರೆದುಕೊಂಡು ಹೋಗಿ ಹರಕೆ ಹೇಳಿಸಿದರು. ದೇವಿಯದ್ದಾದರೆ ಒಂದೇ ದಿನದಲ್ಲಿ ಹೋಗಿ ಬರಬಹುದು, ಮಾರನೇ ದಿನ ಅಡುಗೆಗೂ ತೊಂದರೆಯಿಲ್ಲ.

ಆಷಾಢದ ಹೊತ್ತಿನ ಆಟಿಯ ಮಳೆಯಲ್ಲಿ ಒಂದು ಬೆಳಿಗ್ಗೆ ಮೆಟ್ಟುಕತ್ತಿಯನ್ನು ಕಾಲಡಿ ಒತ್ತಿಕೊಂಡು, ನೆಲದ ಮೇಲೆ ಕುಳಿತು ಎಳೆ ಬಿದಿರಿನ ಕಳಲೆ ಹೆಚ್ಚುತ್ತಿದ್ದೆ. ಏಳಲು ಹೋದಾಗ ಸೊಂಟದೊಳಗೆ ಏನೋ ಕೂತುಹೋಯಿತು. ದೊಡ್ಡ ಸದ್ದೇನಿಲ್ಲ, ಕೊಳೆತ ಹಲಗೆಯ ಮೇಲೆ ಕಾಲಿಟ್ಟ ಹಾಗೆ. ಆಮೇಲೆ ಕಾಲು ಊರಲಾಗಲಿಲ್ಲ. ಚಾರ್ಮಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗಿತ್ತು. ದಾರಿ ತೆಗೆಯುವವರೆಗೆ ಮಂಚದ ಮೇಲೆ ಮಲಗಿ ಛಾವಣಿಯ ಜೇಡ ನೋಡಿದೆ. ಕಳಲೆಯನ್ನು ಸುಮಿತ್ರ ಪಲ್ಯ ಮಾಡಿದಳು, ಎಲ್ಲರೂ ಉಂಡರು.

ಲೋಹದ ಚೆಂಡು ಹಾಕಿದರು. ನಡೆಯಬಹುದು, ನೆಲದ ಮೇಲೆ ಕೂರಬಾರದು. ಮೂವತ್ತು ಚಿಲ್ಲರೆ ವರ್ಷ ಆ ಮೆಟ್ಟುಕತ್ತಿಯ ಮುಂದೆ ಕುಳಿತು ನಾನು ಮನೆ ಆಳಿದ್ದೆ. ಯಾರಿಗೆ ಎಷ್ಟು ಹೋಳು ಎಂದು ಅಲ್ಲಿಂದಲೇ ತೀರ್ಮಾನವಾಗುತ್ತಿತ್ತು. ಈಗ ಅದು ಸುಮಿತ್ರಳದ್ದು. ನನ್ನನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಕೈಗೆ ಬೀನ್ಸ್ ಕೊಟ್ಟು ನಾರು ತೆಗೆಯಲು ಹೇಳುತ್ತಾರೆ. ತಡ ಮಾಡಿದ್ದಕ್ಕೆ ಯಜಮಾನರು ಒಂದು ಮಾತೂ ಆಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಡಿದರು. “ಡಾಕ್ಟ್ರು ಎರಡು ವರ್ಷ ಅಂದಿದ್ರು. ಇದು ಒಂದು ವರ್ಷಕ್ಕೂ ಬರ್ಲಿಲ್ಲ.” ಗ್ಯಾರಂಟಿ ಮುಗಿಯುವ ಮುಂಚೆ ಕೆಟ್ಟ ಪಂಪಿನ ಬಗ್ಗೆ ದೂರುವ ದನಿಯಲ್ಲಿ.

ಇದಾಗಿ ಕೆಲವು ವರ್ಷ ಕಳೆದು, ಈ ಸಲ ಕುಯ್ಲಿನ ಹೊತ್ತಿಗೆ ಸರಿಯಾಗಿ ಎಡಗಡೆ ತೊಡೆಸಂದಿಯಲ್ಲಿ ಅದೇ ನೋವು ಕಾಣಿಸಿಕೊಂಡಿತು. ಮತ್ತೆ ಮಂಗಳೂರು, ಮತ್ತೆ ಕೊಳವೆ, ಅದೇ ಡಾಕ್ಟರು. ಸುಮಿತ್ರಳೂ ಜೊತೆಗಿದ್ದಳು. ಒಂದು ಕಡೆ ಆದವರಿಗೆ ಎಷ್ಟೋ ಸಲ ಇನ್ನೊಂದು ಕಡೆಯೂ ಬರುತ್ತದಂತೆ. ಚೆಂಡು ಇನ್ನೂ ದುಂಡಗಿದೆ, ಬೇಗ ಕೊರೆದುಬಿಡೋಣ ಎಂದರು. ನಾನು ಯಜಮಾನರ ಮುಖ ನೋಡಿದೆ. ಬೈಯಲು ಬೇಕಾದ ಮಾತುಗಳನ್ನೆಲ್ಲ ಇಷ್ಟು ವರ್ಷ ಸಾಣೆ ಹಿಡಿದು ಇಟ್ಟುಕೊಂಡಿದ್ದೆ. ಆ ಮನುಷ್ಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಸೋಮವಾರವೇ ಮಾಡಿ ಡಾಕ್ಟ್ರೆ,” ಎಂದುಬಿಟ್ಟರು. ನನ್ನ ಬೈಗುಳವೆಲ್ಲ ದಂಡವಾಯಿತು.

ಅಷ್ಟರಲ್ಲಿ ಒಂದು ಹೆಂಗಸಿನ ದನಿ ಕೇಳಿಸಿತು. “ಕಣದಲ್ಲಿ ಕಾಫಿ ಹರಡಿದೆ, ಕಳಸದಿಂದ ಆಳುಗಳು ಬಂದಿದ್ದಾರೆ. ಕುಯ್ಲು ಮುಗೀಲಿ.” ಸುಮಿತ್ರ ಇರಬೇಕೆಂದು ತಿರುಗಿ ನೋಡಿದೆ. ಅವಳು ಬಾಯಿ ಮುಚ್ಚಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಬಾಯಿ ತೆರೆದಳು. “ಅತ್ತೆ, ಸುಮ್ನಿರಿ,” ಎಂದಳು. ಮದುವೆಯಾಗಿ ಬಂದ ಮೇಲೆ ಮೊದಲನೇ ಸಲ.

ಸೋಮವಾರ ಸೇರಿಸಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಮಂಚದ ಪಕ್ಕ ನಿಂತು ಹೆಸರು, ಊರು ಎಲ್ಲ ಬರೆದುಕೊಂಡು, ಏನಾದರೂ ಚಟ ಇದೆಯಾ ಎಂದು ಕೇಳಿದಳು. ಈ ಸಲ ನಾನು ಬ್ರಾಂದಿಯ ಮಾತೆತ್ತಲಿಲ್ಲ. ಕುಯ್ಲು ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ‘ಇಲ್ಲ’ ಎಂದು ಬರೆದುಕೊಂಡಳು.