ಕೊಲ್ಲಿಗೆ ತೆತ್ತ ಮೀಸೆ

ನನಗೆ ಈಜು ಬರುವುದಿಲ್ಲ. ಆದರೆ ಸ್ನಾರ್ಕೆಲಿಂಗ್‌ಗೆ ಈಜು ಬೇಕಿಲ್ಲ ಎಂದು ಮೊಬೈಲಿನಲ್ಲಿ ನೋಡಿ ತಿಳಿದುಕೊಂಡಿದ್ದೆ. ಕಣ್ಣು-ಮೂಗಿಗೆ ಗಾಜಿನ ಮುಖವಾಡ, ಬಾಯಿಗೊಂದು ಕೊಳವೆ, ಮೈಗೆ ತೇಲುವ ಜಾಕೆಟ್. ನೀರಿನ ಮೇಲೆ ಬೋರಲು ಮಲಗಿ ಕೆಳಗಿನ ಮೀನು ನೋಡಬೇಕು, ಅಷ್ಟೇ. ಮಲಗುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಹೆಸರಿದೆ.

ಆಸೆ ನನ್ನದಲ್ಲ, ಹೆಂಡತಿ ಸುಮಾಳದು. ರೈಲ್ವೆಯ ಟಿಕೆಟ್ ತಪಾಸಣೆಯವನನ್ನು ಮದುವೆಯಾದ ತಪ್ಪಿಗೆ ಹುಬ್ಬಳ್ಳಿ ಬಿಟ್ಟು ಸೊಲ್ಲಾಪುರ, ಭುಸಾವಳ, ಕಡೆಗೆ ನಾಗಪುರ ಎಂದು ಬಿಸಿಲಿನಿಂದ ಬಿಸಿಲಿಗೆ ವರ್ಗವಾಗುತ್ತ ಬಂದವಳು. ಎಂದೂ ಏನೂ ಕೇಳಿದವಳಲ್ಲ. ಈ ವರ್ಷ ಕೇಳಿದಳು.

"ಬಣ್ಣದ ಮೀನ ಸಮುದ್ರದೊಳಗ ಈಜೂದು ನೋಡಬೇಕ್ರಿ. ಆದ್ರ ನೀವು ಕೈ ಹಿಡಕೊಂಡ್ರ ಅಷ್ಟ ನಾ ನೀರಿಗೆ ಇಳಿಯಾಕಿ."

"ಬರೋಬರ್. ನಾ ಇದ್ದೀನಲ್ಲ," ಎಂದೆ.

ಅಂಡಮಾನಿಗೆ ಟಿಕೆಟ್ ಆಯಿತು. ನಾಗಪುರದ ಮಹಾಲ್ ಪೇಟೆಯ ಅಂಗಡಿಯೊಂದರಲ್ಲಿ ಕೊಳವೆ ಸಿಕ್ಕಿತು, ಮುಖವಾಡ ಸಿಗಲಿಲ್ಲ. ನಾನು ಎದೆಗುಂದಲಿಲ್ಲ. ಮನೀಶ್ ನಗರದ ನಮ್ಮ ಮನೆಯ ಬಚ್ಚಲಲ್ಲಿ ಬಕೆಟ್ಟಿನೊಳಗೆ ಮುಖ ಅದ್ದಿ, ಬೆರಳಿನಿಂದ ಮೂಗು ಹಿಡಿದು, ಕೊಳವೆಯಲ್ಲಿ ಉಸಿರಾಡುವ ಸಾಧನೆ ಶುರು ಮಾಡಿದೆ. ಆ ಸದ್ದು ಕೇಳಿ ಕೆಳಗಿನ ಮನೆಯ ಜೋಶಿ ಕಾಕು ಪ್ಲಂಬರನನ್ನು ಕರೆಸಿದರು.

ನಾವು ಹೋದ ಕೊಲ್ಲಿ ಸಂರಕ್ಷಿತ ಪ್ರದೇಶ. ಅಲ್ಲಿಯ ಗೈಡ್ ಮೇರಿ ಗಟ್ಟಿ ದನಿಯ ಹೆಣ್ಣುಮಗಳು. ದೋಣಿ ಹತ್ತುವ ಮೊದಲೇ ನಿಯಮ ಹೇಳಿದಳು: ಹವಳ ಮುಟ್ಟಬಾರದು, ಅದರ ಮೇಲೆ ನಿಲ್ಲಬಾರದು, ಮೈಗೆ ಕ್ರೀಮು ಹಚ್ಚಬಾರದು, ಅಲ್ಲಿ ಏನನ್ನೂ ಬಿಟ್ಟು ಬರಬಾರದು. ನಾನು ಮೊದಲ ಬೆಂಚಿನ ವಿದ್ಯಾರ್ಥಿಯಂತೆ ತಲೆಯಾಡಿಸಿದೆ.

ಅವಳೇ ಕೊಟ್ಟ ಮುಖವಾಡ, ಜಾಕೆಟ್ ತೊಟ್ಟು ನೀರಿಗಿಳಿದು ಮುಖ ಕೆಳಗೆ ಮಾಡಿದೆ. ಮುಖವಾಡದೊಳಗೆ ನೀರು ನುಗ್ಗಿತು. ಮೂಗಿಗೆ ಬಂತು, ಕಣ್ಣಿಗೆ ಬಂತು. ಬಕೆಟ್ಟು ಹೀಗೆಂದೂ ಮೋಸ ಮಾಡಿರಲಿಲ್ಲ. ಗಾಬರಿಯಲ್ಲಿ ಕೊಳವೆ ಉಗುಳಿದೆ. ಅದರ ಜಾಗಕ್ಕೆ ಸಮುದ್ರ ಬಂತು. ಕುಡಿದೆ. ಸುಮಾಳ ಕೈ ಯಾವಾಗಲೋ ತಪ್ಪಿತ್ತು. ತಡಕಾಡಿ, ಸಿಕ್ಕ ಕಾಲೊಂದನ್ನು ಎರಡೂ ಕೈಯಿಂದ ಅಪ್ಪಿಕೊಂಡೆ.

ಅದು ಅವಳ ಕಾಲಲ್ಲ. ಭೋಪಾಲದಿಂದ ಬಂದಿದ್ದ ಸದ್ಗೃಹಸ್ಥರೊಬ್ಬರದು. ಅವರು ಮೊಸಳೆ ಹಿಡಿಯಿತೆಂದು ಹಿಂದಿಯಲ್ಲಿ ಕೂಗಿಕೊಂಡರು. ಮೇರಿ ಸೀಟಿ ಊದಿ ಎಲ್ಲರನ್ನೂ ದೋಣಿಗೆ ಹತ್ತಿಸಿದಳು. ಎಲ್ಲರೂ ಮೊಸಳೆಗಾಗಿ ನೀರು ನೋಡುತ್ತಿದ್ದರು. ಮೊಸಳೆ ಅವರ ನಡುವೆಯೇ ಕೂತು ಕೆಮ್ಮುತ್ತಿತ್ತು.

ವಿಷಯ ತಿಳಿದ ಮೇಲೆ ಉಳಿದವರು ಮತ್ತೆ ಇಳಿದರು. ನಮ್ಮಿಬ್ಬರನ್ನು ದಡಕ್ಕೆ ಬಿಟ್ಟರು.

"ಇರ್ಲಿ ಬಿಡ್ರಿ, ಮ್ಯಾಲಿಂದಾದ್ರೂ ನೋಡಿದ್ವಲ್ಲ," ಎಂದಳು ಸುಮಾ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ನೀರಿನ ಕಡೆ ನೋಡುತ್ತ ಕೂತಳು.

ತಂಡದ ಸರದಿ ಮುಗಿಸಿ ಬಂದ ಮೇರಿ ಮುಖವಾಡವನ್ನು ನನ್ನ ಮುಖಕ್ಕೆ ಒತ್ತಿ ನೋಡಿದಳು. "ಸಾಬ್, ಮೂಛ್," ಎಂದಳು. ಮೀಸೆ ದಪ್ಪವಿದ್ದರೆ ರಬ್ಬರು ಚರ್ಮಕ್ಕೆ ಕೂಡುವುದಿಲ್ಲವಂತೆ, ಆ ಸಂದಿಯಿಂದ ನೀರು ಒಳಗೆ ಬರುತ್ತದಂತೆ. ಮುಂದಿನ ತಂಡದಲ್ಲಿ ಇಬ್ಬರಿಗೆ ಜಾಗವಿದೆ, ಮೀಸೆ ಇಲ್ಲದೆ ಬರುವುದಾದರೆ ಬನ್ನಿ ಎಂದಳು.

ನನ್ನ ತಲೆ ಮೂವತ್ತಕ್ಕೇ ಬೋಳಾಗಿತ್ತು. ತಲೆ ಮಾಡಿದ ಅನ್ಯಾಯವನ್ನು ಮೀಸೆಯೇ ಸರಿದೂಗಿಸಿಕೊಂಡು ಬಂದಿತ್ತು. ಟಿಕೆಟ್ಟಿಲ್ಲದವರು ನನ್ನ ಕರಿ ಕೋಟಿಗಿಂತ ಮೊದಲು ಅದಕ್ಕೆ ಹೆದರುತ್ತಿದ್ದರು.

"ಬ್ಯಾಡ್ರಿ," ಎಂದಳು ಸುಮಾ. "ನಿಮ್ಮನ್ನ ಮೀಸಿ ಇಲ್ಲದ ನಾ ನೋಡೇ ಇಲ್ಲ."

ತೆಗೆಯಿರಿ ಎಂದಿದ್ದರೆ ವಾದಕ್ಕಿಳಿಯುತ್ತಿದ್ದೆ. ಬೇಡ ಎಂದುಬಿಟ್ಟಳು. ಇನ್ನೇನು ಮಾಡುವುದು? "ತಗಿ," ಎಂದೆ.

ದೋಣಿಯವನು ತನ್ನ ಪೆಟ್ಟಿಗೆಯಿಂದ ಕತ್ತರಿಯನ್ನೂ ಹೊಸ ರೇಜರನ್ನೂ ಕೊಟ್ಟ. ಸೋಪಿನ ನೊರೆಗೆ ಅಲ್ಲಿ ಅನುಮತಿಯಿಲ್ಲ. ಆಗ ಎಳನೀರು ಕುಡಿಯುತ್ತ ನಿಂತಿದ್ದ ಭೋಪಾಲದವರು ಕೈಯಲ್ಲಿದ್ದ ಬುರುಡೆಯನ್ನೇ ಮುಂದೆ ಚಾಚಿದರು. ನಾನು ಅಪ್ಪಿದ ಕಾಲಿನ ದೊಡ್ಡ ಮನಸ್ಸು ಅದು. ಎಳನೀರು ಸವರಿ ಸುಮಾ ಬೋಳಿಸಿದಳು. ಮೇರಿ ಗದ್ದದ ಕೆಳಗೆ ಹಳೆಯ ಪೇಪರ್ ಹಿಡಿದಳು. ಸಂರಕ್ಷಿತ ಪ್ರದೇಶ, ಕೂದಲೂ ಬೀಳುವಂತಿಲ್ಲ. ಮೀಸೆಯನ್ನು ಪೊಟ್ಟಣ ಕಟ್ಟಿ ನನ್ನ ಕೈಗೇ ಕೊಟ್ಟಳು.

ಎರಡನೆಯ ಸಲ ಒಂದು ಹನಿಯೂ ಒಳಗೆ ಬರಲಿಲ್ಲ. ಕೆಳಗೆ ಹವಳದ ಗುಡ್ಡಗಳು, ಅವುಗಳ ಸಂದಿಯಿಂದ ಶಾಲೆ ಬಿಟ್ಟಂತೆ ಹೊರಬೀಳುವ ನೀಲಿ ಮೀನುಗಳು. ಸುಮಾ ನನ್ನ ಕೈಯನ್ನು ಮುರಿಯುವಂತೆ ಹಿಡಿದಿದ್ದಳು. ಆಮೇಲೆ ಹಿಡಿತ ಸಡಿಲವಾಯಿತು. ಆಮೇಲೆ ಕೈಯನ್ನೇ ಬಿಟ್ಟಳು. ಮೇರಿ ಎಳೆಯುತ್ತಿದ್ದ ರಬ್ಬರಿನ ತೇಲುಬಳೆ ಹಿಡಿದು ಮುಂದೆ ಹೊರಟೇಹೋದಳು. ಯಾರ ಧೈರ್ಯಕ್ಕೆಂದು ನಾನು ಮೀಸೆ ತೆಗೆಸಿದ್ದೆನೋ, ಅವಳಿಗೆ ನನ್ನ ನೆನಪೇ ಇರಲಿಲ್ಲ.

ತುಸು ಹೊತ್ತಿನ ಮೇಲೆ ತಲೆ ಎತ್ತಿ ಕೂಗಿದಳು. "ಏನ್ರೀ, ಹಳದಿ ಪಟ್ಟಿದ್ದು ನೋಡಿದ್ರ? ನನ್ನ ಕಡೇನ ನೋಡಾಕತ್ತಿತ್ರಿ!"

ಅವಳನ್ನು ಇಷ್ಟು ಖುಷಿಯಲ್ಲಿ ನೋಡಿ ಎಷ್ಟು ವರ್ಗಾವಣೆಗಳಾಗಿದ್ದವೋ. ಮೇರಿಗೆ, ದೋಣಿಯವನಿಗೆ, ಭೋಪಾಲದವರಿಗೆ ನೀರಿನಲ್ಲೇ ಮನಸ್ಸಿನಲ್ಲಿ ಕೈಮುಗಿದೆ. ನಿಜವಾಗಿ ಮುಗಿಯಲು ಹೋಗಿದ್ದರೆ ಮುಳುಗುತ್ತಿದ್ದೆನೇನೋ.

ನಾಗಪುರಕ್ಕೆ ಮರಳಿದ ಬೆಳಗ್ಗೆ ಮೆಟ್ಟಿಲಲ್ಲಿ ಜೋಶಿ ಕಾಕು ಎದುರಾದರು. ನನ್ನ ಬೋಳು ತಲೆ ನೋಡಿದರು, ಬೋಳು ತುಟಿ ನೋಡಿದರು, ಸರ್ರನೆ ತಮ್ಮ ಮನೆಯೊಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರು ದೊಡ್ಡ ಡಬ್ಬಿ ಹಿಡಿದು, ಹಿಂದೆ ಕಾಲನಿಯ ನಾಲ್ಕು ಜನ ತಲೆ ತಗ್ಗಿಸಿಕೊಂಡು, ನಮ್ಮ ಬಾಗಿಲಿಗೆ ಬಂದರು.

"ಕೋಣ್ ಗೇಲಂ, ಭಾವಜಿ?" ಯಾರು ಹೋದರು ಎಂದು ಕಾಕು ಮೆಲ್ಲಗೆ ಕೇಳಿದರು. ಮನೆಯ ಹಿರಿಯರು ತೀರಿದರೆ ತಾನೇ ಗಂಡಸರು ತಲೆ-ಮೀಸೆ ಬೋಳಿಸುವುದು. "ಇವತ್ತು ಒಲೆ ಹಚ್ಚಬೇಡಿ," ಎಂದು ಡಬ್ಬಿ ತೆರೆದರು. ಬಿಸಿ ಅನ್ನ, ತುಪ್ಪ ಹಾಕಿದ ತೊವ್ವೆ, ಬಟಾಟೆ ಪಲ್ಯ.

ನಾವು ಹಿಂದಿನ ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಫ್ರಿಜ್ಜಿನಲ್ಲಿ ಲಿಂಬೆಹಣ್ಣೂ ಇರಲಿಲ್ಲ. ಸುಮಾ ಸೆರಗು ಬಾಯಿಗೊತ್ತಿಕೊಂಡು ನನ್ನ ಕಿವಿಯಲ್ಲಿ, "ಖರೇ ಹೇಳ್ರಿ," ಎಂದಳು. ಅವಳ ಭುಜ ಕುಲುಕುವುದನ್ನು ಕಂಡು ಕಾಕುವಿನ ಕಣ್ಣು ತುಂಬಿಬಂತು.

ನಾನು ಸುಳ್ಳು ಹೇಳುವವನಲ್ಲ. ಖರೆಯನ್ನೇ ಹೇಳಿದೆ. ಆದರೆ ತೊವ್ವೆಯನ್ನು ಎರಡನೆಯ ಸಲ ಹಾಕಿಸಿಕೊಂಡು ಉಂಡಾದ ಮೇಲೆ ಹೇಳಿದೆ.